ರಾಜ್ಮಾ, ರೋಗಾಣು ಮತ್ತು ನನ್ನ ಸಿಟ್ಟು

ಸಿಟ್ಟು ಮಾಡಿಕೊಳ್ಳಬೇಡ, ಬಿ.ಪಿ. ಏರುತ್ತೆ ಅಂತ ನಮ್ಮ ಯಜಮಾನರು ದಿನಾ ಹೇಳಿ ಕಳಿಸುತ್ತಾರೆ. ಮಲಾಡಿನಲ್ಲಿ ಲೋಕಲ್ ಹತ್ತುವಾಗ ನಾನು ಶಾಂತಮೂರ್ತಿಯೇ. ಅಂಧೇರಿಯ ಫ್ಯಾಕ್ಟರಿ ಗೇಟು ದಾಟಿದರೆ ಒಂದಲ್ಲ ಒಂದು ನಡೆದೇ ನಡೆಯುತ್ತದೆ. ಬಿಸಿ ಮಾಡಿ ತಿನ್ನುವ ಪ್ಯಾಕೆಟ್ ಊಟ ತಯಾರಾಗುವ ಜಾಗ ಅದು. ಪ್ಯಾಕೆಟ್ಟಿನ ನಟ್ಟನಡುವೆ ಕೂತ ರೋಗಾಣು ಸಾಯಲು ಎಷ್ಟು ಶಾಖ, ಎಷ್ಟು ಹೊತ್ತು ಬೇಕು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ತಪ್ಪಿದರೆ ತಿಂದವರ ಜೀವಕ್ಕೇ ಸಂಚಕಾರ.

೧. ಟೈಪ್ ಮಾಡಿ ಕೊಲ್ಲುವುದು

ಹಬ್ಬಕ್ಕೆ ಮುಂಚೆ ಮಾಲೀಕರು ರಾಜ್ಮಾಗೆ ಗೋಡಂಬಿ ಅರೆದು ಹಾಕಿಸಿದರು. ಗ್ರೇವಿ ಮಂದವಾದರೆ ಶಾಖ ಒಳಗಿಳಿಯುವುದು ನಿಧಾನ, ಹಬೆಯಲ್ಲಿ ಇನ್ನಷ್ಟು ಹೊತ್ತು ಇಡಬೇಕು ಅಂದೆ. ಕೈತುಂಬ ಆರ್ಡರ್ ಹಿಡಿದಿದ್ದ ಅವರಿಗೆ ಇದು ಹಿಡಿಸಲಿಲ್ಲ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಕನ್ನಡಿಗರು. ನನ್ನ ಬೆನ್ನ ಹಿಂದೆ ನಿಂತು ಸ್ಕ್ರೀನ್ ನೋಡಿದರು.

“ಏಕ್ ಕಾಮ್ ಮಾಡಿ ಮೇಡಂ. ಈ ಬ್ಯಾಕ್ಟೀರಿಯಾ ನಂಬರ್ ಇದೆಯಲ್ಲ, ಅದನ್ನೇ ಕಮ್ಮಿ ಟೈಪ್ ಮಾಡಿ.”

ಮೈಯೆಲ್ಲ ಉರಿದುಹೋಯಿತು. ಹಾಗಾದರೆ ಬಾಯ್ಲರ್ ಮಾರಿ ಒಬ್ಬ ಟೈಪಿಸ್ಟನ್ನು ಇಟ್ಟುಕೊಳ್ಳಿ ಅಂದೆ. ಅವರು ನಿಜಕ್ಕೂ ಒಂದು ಗಳಿಗೆ ಯೋಚಿಸಿದರು.

೨. ನನ್ನ ಸಲುವಾಗಿ

ಲೆಕ್ಕ ನಂಬದಿದ್ದರೆ ಅಳೆದೇ ನೋಡೋಣ ಅಂದೆ. ಶಾಖ ಅಳೆಯುವ ತಂತಿಯ ತುದಿ ಪ್ಯಾಕೆಟ್ಟಿನ ನಡುವೆ, ಬಿಸಿ ಕೊನೆಗೆ ಮುಟ್ಟುವ ಜಾಗದಲ್ಲಿರಬೇಕು. ನೋಡಿದರೆ ಶಾಖ ಸರ್ರನೆ ಏರಿತು. ಮಾಲೀಕರು ನನ್ನ ಮುಖ ನೋಡಿ ನಕ್ಕರು. ಅನುಮಾನ ಬಂದು, ಪ್ಯಾಕೆಟ್ ಬೇಯಿಸುವ ಹಬೆ ಯಂತ್ರದ ಬಾಗಿಲು ತೆಗೆಸಿದರೆ ತಂತಿ ಹಬೆಯ ಪೈಪಿಗೆ ಆತುಕೊಂಡು ಕೂತಿದೆ. ತಂತಿ ಇಟ್ಟಿದ್ದ ವಿಜಯಪುರದ ಕಡೆಯ ಆಪರೇಟರನ್ನು ಹಿಗ್ಗಾಮುಗ್ಗಾ ಬೈದೆ.

“ನಡುವ ಇಟ್ರ ನಂಬರ್ ಲಗೂ ಏರಂಗಿಲ್ರೀ, ನೀವು ಸಿಟ್ಟಾಗ್ತೀರಿ. ನಿಮ್ಮ ಸಲುವಾಗೇ ಅಲ್ಲಿಟ್ಟೀನ್ರೀ,” ಅಂದ.

ನನ್ನನ್ನು ತಣ್ಣಗಿಡಲು ಊರಿಗೆಲ್ಲ ವಿಷ ಉಣಿಸಲು ಹೊರಟಿದ್ದ ಪುಣ್ಯಾತ್ಮ!

೩. ಮೊದಲ ತುತ್ತು

ತಂತಿಯನ್ನು ಸರಿಯಾಗಿಟ್ಟು ಅಳೆದಾಗ ನನ್ನ ಲೆಕ್ಕವೇ ನಿಜವಾಯಿತು. ಆದರೂ ಮಾಲೀಕರು ಹಳೆಯ ಟೈಮೇ ಸಾಕು, ಸಹಿ ಹಾಕಿ, ಇಲ್ಲಾ ಬೇರೆ ಕೆಲಸ ನೋಡಿಕೊಳ್ಳಿ ಅಂದರು. ನಮ್ಮಲ್ಲೊಂದು ಪದ್ಧತಿಯಿದೆ: ಹೊಸ ಅಡುಗೆಯನ್ನು ಮೊದಲು ಮಾಲೀಕರ ತಾಯಿ ತಿಂದು ಒಪ್ಪಬೇಕು, ಆಮೇಲೆ ಮಾರಾಟ. ಹಾಗಾದರೆ ಅಮ್ಮನವರ ಪ್ಯಾಕೆಟ್ಟೂ ನಿಮ್ಮ ಟೈಮಿನಲ್ಲೇ ಬೇಯಲಿ ಅಂದೆ.

ಅವರು ಎದ್ದುಹೋಗಿ ಬಾಗಿಲು ಹಾಕಿ ಬಂದರು. ದನಿ ತಗ್ಗಿಸಿದರು.

“ಅಮ್ಮಂದು ಮಾತ್ರ ನಿಮ್ಮ ಟೈಮಲ್ಲಿ ಬೇಯಿಸಿ ಮೇಡಂ. ಅವರಿಗೆ ವಯಸ್ಸಾಗಿದೆ.”

“ಬೇರೆ ಬೇಯಿಸೋದಿಲ್ಲ. ರಾಶಿಯಲ್ಲಿ ಕೈಗೆ ಸಿಕ್ಕಿದ್ದನ್ನ ಕಳಿಸ್ತೀನಿ,” ಅಂದೆ.

ನನ್ನನ್ನು ನುಂಗುವ ಹಾಗೆ ನೋಡಿ, ಬಾಯ್ಲರ್ ರೂಮಿಗೆ ಫೋನ್ ಮಾಡಿ, ಮೇಡಂ ಹೇಳಿದಷ್ಟೇ ಹೊತ್ತು ಬೇಯಿಸಿ ಅಂದರು. ಆ ಹಬ್ಬಕ್ಕೆ ನಮ್ಮ ರಾಜ್ಮಾ ತಿಂದ ಅಷ್ಟೂ ಜನ ಮಾಲೀಕರಿಗೆ ತಾಯಿ ಸಮಾನರಾದರು.