ಬೂಷ್ಟಿನ ಗೋಡೆಗೆ ನಾನು ಮಾಡಿದ ಚಿಕಿತ್ಸೆ

ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಶಿಲೀಂಧ್ರದ ಪಾಠ ಹೇಳಿದವನು ನಾನು. ಅಂಥವನ ಮನೆಯ ಗೋಡೆಗೆ ಬೂಷ್ಟು ಬಂದರೆ ಹೆದರುವುದುಂಟೇ?

ನಮ್ಮ ಮನೆ ಇರುವುದು ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಲಂಬಾಣಿ ತಾಂಡಾದಲ್ಲಿ. ಮಣ್ಣಿನ ಗೋಡೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿ ಮೂರು ವರ್ಷವಾಗಿತ್ತು. ಈ ಸಲದ ಮಳೆಗಾಲದಲ್ಲಿ ಯಾಡಿಯ ಕೋಣೆಯಲ್ಲಿ, ತಿಜೋರಿಯ ಹಿಂದೆ, ಕರಿ ಚುಕ್ಕೆಗಳು ಕಾಣಿಸಿಕೊಂಡವು. ಯಾಡಿ ಎಂದರೆ ನಮ್ಮ ಮಾತಿನಲ್ಲಿ ತಾಯಿ. ಆಕೆಗೆ ಮೊದಲೇ ದಮ್ಮು.

"ಭಾಳ ಕೆಮ್ಮಾಕತ್ತಾರ್ರಿ. ಗೌಂಡಿ ದಾವಲಸಾಬನ್ನ ಕರದು ಗ್ವಾಡಿ ತೋರಸ್ರಿ" ಎಂದಳು ಹೆಂಡತಿ ಶಾಂತಾ.

"ವಿಜ್ಞಾನದ ಮಾಸ್ತರ ಮನ್ಯಾಗ ಇದ್ದಾಗ ಗ್ವಾಡಿ ಕಟ್ಟೋ ಗೌಂಡಿ ಯಾಕ?" ಎಂದೆ.

ಆ ಮಾತು ಆಡಬಾರದಿತ್ತು.

ಮೊದಲ ಕ್ರಮವಾಗಿ, ಬೂಷ್ಟಿನ ಮೇಲೆಯೇ ಎರಡು ಕೈ ಬಿಳಿ ಬಣ್ಣ ಬಳಿದೆ. ಗೋಡೆ ಫಳಫಳ ಹೊಳೆಯಿತು. ನಾಲ್ಕೇ ದಿನ! ಬಣ್ಣ ಹಪ್ಪಳದಂತೆ ಉಬ್ಬಿತು, ಉಬ್ಬಿದ ಕಡೆಯಲ್ಲೆಲ್ಲ ಕರಿ ಚುಕ್ಕೆಗಳು ಮೊದಲಿಗಿಂತ ಲವಲವಿಕೆಯಿಂದ ಇಣುಕಿದವು.

ಸರಿ, ಕೆರೆದು ತೆಗೆಯೋಣ ಎಂದು ತಂತಿಯ ಬ್ರಶ್ ಹಿಡಿದು ನಿಂತೆ. ಧೂಳು ಮೂಗಿಗೆ ಬರಬಾರದೆಂದು ಫ್ಯಾನನ್ನು ಪೂರ್ತಿ ವೇಗಕ್ಕೆ ಇಟ್ಟೆ. ಒಂದು ಗೋಡೆಯ ಬೂಷ್ಟು ಆಗ ಇಡೀ ಮನೆಯ ಆಸ್ತಿಯಾಯಿತು! ನಾದಿಟ್ಟ ಜೋಳದ ಹಿಟ್ಟಿನ ಮೇಲೂ ಕರಿ ಪುಡಿ. ಯಾಡಿ ಕೆಮ್ಮಿ ಕೆಮ್ಮಿ ಸಾಕಾಗಿ, ಕೌದಿ ಸುತ್ತಿಕೊಂಡು ಎದುರುಮನೆಯ ಕಟ್ಟೆಗೆ ಹೋಗಿ ಕೂತಳು.

ಶಾಂತಾ ಹಿಟ್ಟು ಚೆಲ್ಲುತ್ತ ಕೇಳಿದಳು: "ಅದನ್ನ ತಗದ್ರೋ, ಬಿತ್ತಿದ್ರೋ?"

ನನ್ನ ತೋಳು ಬಿದ್ದುಹೋಗುವಷ್ಟು ನೋಯುತ್ತಿತ್ತು. ಆದರೂ ಮಾಸ್ತರಿಕೆ ಬಿಡಬೇಕಲ್ಲ! ಮರುದಿನ ಬ್ಲೀಚಿಂಗ್ ಪುಡಿ ಕಲಸಿ, ತೊಗರಿಗೆ ಔಷಧ ಹೊಡೆಯುವ ಹೊಸ ಪಂಪಿಗೆ ತುಂಬಿಕೊಂಡೆ. ಔಷಧದ ಗುಣ ಹೊರಗೆ ಹೋಗಬಾರದೆಂದು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ. ಎರಡು ನಿಮಿಷದಲ್ಲಿ ಕಣ್ಣು ಉರಿದು ಏನೂ ಕಾಣದಾಯಿತು. ಚಿಲಕ ಸಿಗಲೊಲ್ಲದು! ಹೊರಗೆ ಶಾಂತಾ ಬಾಗಿಲು ಬಡಿಯುತ್ತಿದ್ದಾಳೆ, ಒಳಗೆ ನಾನು ಗೋಡೆ ತಡವುತ್ತಿದ್ದೇನೆ. ಕಡೆಗೂ ಚಿಲಕ ಸಿಕ್ಕು ಅಂಗಳಕ್ಕೆ ಬಂದು ಬಿದ್ದೆ.

ಕಣ್ಣು ತೊಳೆದುಕೊಂಡು ಒಳಗೆ ಹೋದಾಗ ಕಂಡದ್ದು ಬೇರೆ. ಗೂಟದ ಮೇಲೆ ಯಾಡಿಯ ಫೇಟಿಯಾ ಇತ್ತು. ತನ್ನ ಮದುವೆಗೆ ತಾನೇ ಹೊಲಿದುಕೊಂಡ, ಕನ್ನಡಿ ಕೂರಿಸಿದ ಕೆಂಪು ಲಂಗ. ಅದರ ತುಂಬ ಬಿಳಿ ಕಲೆ. ಎದುರುಮನೆಯ ಕಟ್ಟೆಗೆ ಒಯ್ದು ಕೊಟ್ಟೆ. ಯಾಡಿ ಅದನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಿಂದ ಸವರಿದಳು.

"ಕನ್ನಡಿ ಉಳದಾವಲ್ಲೋ, ಇರಲಿ ಬಿಡು."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನೇ ಹೋಗಿ ದಾವಲಸಾಬನನ್ನು ಕರೆತಂದೆ.

ದಾರಿಯಲ್ಲೇ ಎಲ್ಲ ಕೇಳಿಕೊಂಡಿದ್ದ ಆತ ಒಳಗೆ ಬರಲೇ ಇಲ್ಲ. ನೇರ ಮನೆಯ ಹಿಂದೆ ಹೋಗಿ, ಗೋಡೆಗೆ ಅಂಟಿಕೊಂಡಿದ್ದ ಬಟ್ಟೆ ಒಗೆಯುವ ಕಟ್ಟೆಯನ್ನು ನೋಡಿದ. ಸುತ್ತ ನೀರು ನಿಂತಿತ್ತು.

"ಇದನ್ನ ಯಾರ ಕಟ್ಟ್ಯಾರ್ರಿ?"

"ನಾನ" ಎಂದೆ, ಮೆಲ್ಲಗೆ.

"ಮಾಸ್ತರ, ನಿಮ್ಮ ಗ್ವಾಡಿ ವರ್ಷದಿಂದ ನೀರು ಕುಡ್ಯಾಕತ್ತೈತಿ. ಒಳಗ ಏನು ಬಡದ್ರ ಏನ್ ಆಕ್ಕೈತಿ? ಕಟ್ಟಿ ಒಡೀರಿ, ನೀರು ದೂರ ಹೋಗಾಕ ಗಟಾರ ತಗೀರಿ. ಗ್ವಾಡಿ ಒಣಗಿದ ಮ್ಯಾಲ ಮೂಗಿಗೆ ಬಟ್ಟಿ ಕಟ್ಟಿಕೊಂಡು, ಸಾಬೂನು ನೀರಿನ ಹಸಿ ಬಟ್ಟೀಲೆ ಒರಸ್ರಿ. ತಿಜೋರಿ ಗ್ವಾಡಿಗಿಂತ ಒಂದು ಗೇಣು ಮುಂದ ಇರಲಿ. ಆ ಕಿಡಕಿಗೆ ಹಲಗಿ ಬಡದವರು ಯಾರು?"

ಸೊಳ್ಳೆ ಬರಬಾರದೆಂದು ಬಡಿದವನೂ ನಾನೇ.

ಹಲಗೆ ಕಿತ್ತೆ, ಕಟ್ಟೆ ಒಡೆದೆ. ಯಾಡಿ ಎದುರುಮನೆಯಲ್ಲೇ ಉಳಿದಳು. ಗೋಡೆ ಒಣಗುವ ತನಕ ಮಗನ ಮನೆಗಿಂತ ಅದೇ ಮೇಲು ಎಂದಳು. ಅಲ್ಲಿ ಕೆಮ್ಮೂ ಕಡಿಮೆಯಾಯಿತು. ಭಾನುವಾರ ಮುಖಕ್ಕೆ ಟವೆಲ್ ಸುತ್ತಿ, ಮೊಳಕಾಲ ತನಕ ಕರಿ ಮಣ್ಣು ಮೆತ್ತಿಕೊಂಡು ನಾನು ಗಟಾರ ಅಗೆಯುತ್ತಿದ್ದೆ. ಮನಗೂಳಿಯಿಂದ ಬಂದ ಶಾಂತಾಳ ಚಿಕ್ಕಮ್ಮ ನನ್ನನ್ನು ಗುರುತಿಸಲಿಲ್ಲ.

"ಯಾರವ್ವಾ ಈ ಆಳು? ಗುದ್ದಲಿ ಹಿಡ್ಯಾಕೂ ಬರವಲ್ದು!"

ಶಾಂತಾ ನನ್ನತ್ತ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದಳು:

"ಹೊಸಾ ಆಳು, ಚಿಗವ್ವ. ಇನ್ನೂ ಕಲಿಯಾಕತ್ತಾನ."