ಮಾಂಡಲಿಕನಿಗೆ ಅಂಟಿದ ಗಡ್ಡ

ಎಲ್ಲ ಅನಾಹುತಕ್ಕೂ ಮೂಲ ಒಣಗಿಹೋದ ಒಂದು ಗೋಂದಿನ ಬಾಟಲಿ. ಅದು ಒಣಗದಿದ್ದರೆ ಆ ಶುಕ್ರವಾರ ಮಸ್ಕತ್ತಿನ ಕನ್ನಡಿಗರಿಗೆಲ್ಲ ಬಸವಕುಮಾರನ ಹೆಸರು ಗೊತ್ತಾಗಿಬಿಡುತ್ತಿತ್ತು.

ನಲವತ್ತೆರಡು ತುಂಬಿದರೂ ಅವನಿಗೆ ಸ್ವಂತ ಹೆಸರಿನ ಭಾಗ್ಯವಿರಲಿಲ್ಲ. ದೊಡ್ಡಣ್ಣ ಚನ್ನಪ್ಪ ದೂರದ ಸೂರ್ ಪಟ್ಟಣದ ಗ್ಯಾಸ್ ಪ್ಲಾಂಟಿನಲ್ಲಿ ದೊಡ್ಡ ಇಂಜಿನಿಯರು, ನಡುವಿನ ಸೋಮನಾಥ ಕನ್ನಡ ಸಂಘದ ಕಾರ್ಯದರ್ಶಿ. ಇವನು 'ಚನ್ನಪ್ಪನೋರ ಸಣ್ಣ ತಮ್ಮ', ಅಷ್ಟೆ. 2006ರ ರಾಜ್ಯೋತ್ಸವದ ನಾಟಕದಲ್ಲೂ ಅದೇ ಹಣೆಬರಹ. ಚನ್ನಪ್ಪ ಮಹಾರಾಜ, ಸೋಮನಾಥ ಸೇನಾಪತಿ, ಇವನು ರಾಜನ ಕಿರಿಯ ತಮ್ಮ, ಮೂಲೆಯ ಮೂರು ಹಳ್ಳಿಗಳ ಮಾಂಡಲಿಕ. ಮಾತು ಒಂದೇ: "ಅಣ್ಣನ ಮಾತೇ ನನ್ನ ಮಾತು." ಅದಕ್ಕೆ ತಾಲೀಮೇ ಬೇಕಿರಲಿಲ್ಲ, ಹುಟ್ಟಿದಾಗಿನಿಂದ ರೂಢಿ.

ಮಧ್ಯಾಹ್ನ ನಾಲ್ಕಕ್ಕೆ ಚನ್ನಪ್ಪನ ಫೋನು ಬಂತು. "ತಮ್ಮಾ, ಪ್ಲಾಂಟ್‌ನ್ಯಾಗ ಸಿಕ್ಕೊಂಡೇನಿ, ಬರೂದು ತಡಾ ಆಕ್ಕೈತಿ. ರಾಜನ ಪಾರ್ಟ್ ನೀನ ಮಾಡು. ಮರ್ಯಾದಿ ಕಳೀಬ್ಯಾಡ."

ರಾಜನ ಅಂಗಿ ಸೋಮನಾಥನ ಹೊಟ್ಟೆಗೆ ಒಲ್ಲೆ ಅಂದಿತ್ತು. ಮೂರು ತಿಂಗಳ ತಾಲೀಮಿನುದ್ದಕ್ಕೂ ಮರೆಯಲ್ಲಿ ನಿಂತು ಅಣ್ಣನಿಗೆ ಮಾತು ಹೇಳಿಕೊಟ್ಟವನು ಬಸವಕುಮಾರನೇ. ಅವನಿಗೆ ಎದೆ ಉಬ್ಬಿಬಂತು.

"ಹಂಗಾರ ನನ್ನ ಪಾರ್ಟ್ ಯಾರು ಮಾಡ್ತಾರ?"

"ಯಾರಿಗೆ ಬೇಕಲೇ ಅದು?" ಎಂದ ಸೋಮನಾಥ. "ತೆಗದ್ರ ಆತು, ಖಲಾಸ್!"

ತೆಗೆದರು. ನಾಟಕಕ್ಕೆ ಒಂದಿಷ್ಟೂ ನೋವಾಗಲಿಲ್ಲ.

ಹೆಂಡತಿ ಶುಭಾ ಮಾತ್ರ ಎಚ್ಚರಿಸಿದಳು. "ರೀ, ನಾಟಕದ ಚೀಟಿಯೊಳಗ ಭಾವನೋರ ಹೆಸರು ಅಚ್ಚಾಗೇತಿ. ನಾಟಕ ಮುಗದ ಕೂಡ್ಲೇ ಗಡ್ಡ ಕಿತ್ತು ಮಾರಿ ತೋರಸ್ರಿ. ಇವತ್ತರ ಮಂದಿಗೆ ನಿಮ್ಮ ಹೆಸರು ಗೊತ್ತಾಗ್ಲಿ!"

ಗಡ್ಡ ಅಂಟಿಸಲು ಹೋದರೆ ಗೋಂದು ಒಣಗಿ ಕಲ್ಲಾಗಿತ್ತು. ರಂಗದ ಸಿಂಹಾಸನ ಮಾಡಿಕೊಟ್ಟಿದ್ದ ಅಲ್ ಮವಾಲೇಹ್ ಬಡಾವಣೆಯ ಸೋಫಾ ಅಂಗಡಿಯ ಹಸೈನಾರ್ ಡಬ್ಬಿ ಹಿಡಿದು ಬಂದ.

"ಸೋಫಾದ ಅಂಟು ಉಂಟು ಮಾರಾಯ್ರೆ. ಬಿರುಗಾಳಿ ಬಂದ್ರೂ ಗಡ್ಡ ಬೀಳುದಿಲ್ಲ."

ಸತ್ಯವಂತ! ಅವನ ಮಾತು ಅಕ್ಷರಶಃ ನಡೆಯಿತು.

ಬಸವಕುಮಾರ ಗುಡುಗಿದ, ಗರ್ಜಿಸಿದ, ಸೇನಾಪತಿ ಸೋಮನಾಥನನ್ನು ಮನಸಾರೆ ಬೈದು ದೇಶದಿಂದಲೇ ಓಡಿಸಿದ. ಅಬ್ಬಾ, ಎಂಥ ಸುಖ! ಪರದೆ ಬಿದ್ದಾಗ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಕಿರೀಟ, ಅಂಗಿ ಬಿಚ್ಚಿ ಪೆಟ್ಟಿಗೆಗೆ ಹಾಕಿದ್ದಾಯಿತು. ಗಡ್ಡ ಎಳೆದ. ಚರ್ಮ ಬಂತು, ಗಡ್ಡ ಬರಲಿಲ್ಲ.

"ಎಣ್ಣಿ ಹಚ್ಚರೀ!" ಎಂದಳು ಶುಭಾ. ಎಣ್ಣೆಗೂ ಅದು ಜಗ್ಗಲಿಲ್ಲ.

ಅಷ್ಟರಲ್ಲಿ ಮೈಕು ಕೂಗಿತು: "ಉತ್ತಮ ನಟ, ಮಹಾರಾಜನ ಪಾತ್ರಧಾರಿ, ಶ್ರೀ ಚನ್ನಪ್ಪನವರು!"

ಅದೇ ಹೊತ್ತಿಗೆ ಸೂರಿನಿಂದ ನೇರವಾಗಿ ಬಂದ ಚನ್ನಪ್ಪ, ನುಣ್ಣಗೆ ಬೋಳಿಸಿದ ಮುಖದಲ್ಲಿ ಬಾಗಿಲೊಳಗೆ ಕಾಲಿಟ್ಟ. ಹೆಸರು ಕರೆದಿದ್ದಾರೆ, ಹೋಗದಿದ್ದರೆ ಚೆನ್ನಾಗಿರುತ್ತದೆಯೇ? ಹೋದ, ಷೀಲ್ಡಿಗೆ ಕೈಯೊಡ್ಡಿದ.

"ಎಷ್ಟು ಬೇಗ ಮೇಕಪ್ ತೆಗ್ದುಬಿಟ್ರು ನೋಡಿ!" ಎಂದು ಮುಂದಿನ ಸಾಲಿನ ಲಲಿತಮ್ಮ ಬೆರಗಾದರು.

ಬನಿಯನ್ನಿನಲ್ಲೇ ರಂಗಕ್ಕೆ ನುಗ್ಗಿದ ಬಸವಕುಮಾರ. "ನಾನ್ರೀ! ರಾಜಾ ನಾನ!"

ಸಭೆ ಬಿದ್ದು ಬಿದ್ದು ನಕ್ಕಿತು. ಗಡ್ಡಗಳನ್ನೆಲ್ಲ ಡಜನ್ ಲೆಕ್ಕದಲ್ಲಿ ತರಿಸಿದ್ದರು. ರಾಜನಿಗೂ ದ್ವಾರಪಾಲಕನಿಗೂ ಒಂದೇ ನಮೂನೆಯ ಗಡ್ಡ. ಮುಖ್ಯ ಅತಿಥಿ ಶ್ರೀನಿವಾಸಮೂರ್ತಿ ಕನ್ನಡಕ ಸರಿಮಾಡಿಕೊಂಡರು.

"ನಿಮ್ಮದು ಯಾವ ಪಾತ್ರ ಸಾರ್?"

"ನಮ್ಮ ಸಣ್ಣ ತಮ್ಮರೀ," ಚನ್ನಪ್ಪನೇ ಉತ್ತರಿಸಿದ. "ಮಾಂಡಲಿಕನ ಪಾರ್ಟ್."

"ಹೌದಾ? ನಾನು ಗಮನಿಸ್ಲೇ ಇಲ್ಲವಲ್ಲ!"

ಚನ್ನಪ್ಪ ತಮ್ಮನ ಕಿವಿಯಲ್ಲಿ ಉಸುರಿದ. "ಮಂದಿ ಮುಂದ ಜಗಳ ಬ್ಯಾಡೋ. ಷೀಲ್ಡ್ ನಮ್ಮ ಮನಿಗೇ ಬರ್ತೈತಲ್ಲ? ಯಾರ ಹೆಸರಿದ್ರೇನು?"

"ಅಣ್ಣಾ, ಅದು..."

"ಒಂದು ಡೈಲಾಗ್ ಹೇಳಿ ಸಾರ್, ಕೇಳೋಣ," ಎಂದು ಮೂರ್ತಿಗಳು ಮೈಕನ್ನು ಬಾಯಿಗೇ ಹಿಡಿದರು.

ಬಸವಕುಮಾರ ಷೀಲ್ಡ್ ನೋಡಿದ, ಅಣ್ಣನನ್ನು ನೋಡಿದ, ಕೆಳಗೆ ಹಣೆ ಚಚ್ಚಿಕೊಳ್ಳುತ್ತಿದ್ದ ಶುಭಾಳನ್ನು ನೋಡಿದ. ಹಾಳಾದ ನಾಲಿಗೆ ರೂಢಿಯಂತೆ ತಾನೇ ಹೊರಳಿತು.

"ಅಣ್ಣನ ಮಾತೇ ನನ್ನ ಮಾತು."

ಭರ್ಜರಿ ಚಪ್ಪಾಳೆ ಬಿತ್ತು.

ಗಡ್ಡ ಎಂಟು ದಿನ ಅವನನ್ನು ಬಿಡಲಿಲ್ಲ. ಆ ಎಂಟು ದಿನದಲ್ಲಿ ಮಸ್ಕತ್ತಿನ ಕನ್ನಡಿಗರಿಗೆಲ್ಲ ಅವನ ಗುರುತಾಯಿತು, ಕೊನೆಗೂ ಹೊಸ ಹೆಸರೇ ಸಿಕ್ಕಿತು: 'ಚನ್ನಪ್ಪನೋರ ಗಡ್ಡದ ತಮ್ಮ'.