ರಾಷ್ಟ್ರಪತಿ ಪುರಸ್ಕಾರಕ್ಕೆ ಬಿದ್ದ ಎತ್ತಿನ ಗಂಟು

ನನ್ನ ಮಗಳು ರಾಜೇಶ್ವರಿಗೆ ರಾಷ್ಟ್ರಪತಿ ಪುರಸ್ಕಾರ ಬರದಿದ್ದರೆ ನನ್ನ ಹೆಸರು ಸಿದ್ದರಾಮನೇ ಅಲ್ಲ! ಹೀಗೆಂದು ವಿಜಯಪುರದ ನಮ್ಮ ಓಣಿಯಲ್ಲೆಲ್ಲ ಸಾರಿಬಿಟ್ಟಿದ್ದೆ. ಸ್ಕೌಟ್ಸ್-ಗೈಡ್ಸ್‌ನಲ್ಲಿ ಅದಕ್ಕಿಂತ ಮೇಲೆ ಮೆಟ್ಟಿಲೇ ಇಲ್ಲ. ಉಳಿದದ್ದು ಗಂಟು ಹಾಕುವ ಪರೀಕ್ಷೆಯೊಂದೇ. ಶಾಲೆಯಲ್ಲಿ ಅದು ನಡೆದ ದಿನ ರಾಜಿಗೆ ಜ್ವರ. ಹಾಗಾಗಿ ಗೈಡ್ ಮೇಡಂ ವಿಜಯಲಕ್ಷ್ಮೀ ತಮ್ಮೂರು ತಿಕೋಟಾಕ್ಕೆ ಹೋಗುವ ಬಸ್ಸು ಹಿಡಿಯುವ ಮೊದಲು, ಐದು ಗಂಟೆಗೆ, ಮನೆಗೇ ಬಂದು ನೋಡಿ ಸಹಿ ಹಾಕುವವರಿದ್ದರು. ಅವತ್ತು ತಪ್ಪಿದರೆ ಮತ್ತೊಂದು ವರ್ಷ ಕಾಯಬೇಕು.

ನಾಲ್ಕಕ್ಕೆ ರಾಜಿ ಹಿತ್ತಲಲ್ಲಿ ಬೋಲೈನ್ ಗಂಟು ಹಾಕುತ್ತಿದ್ದಳು. ನನ್ನ ಒಕ್ಕಲುತನದ ರಕ್ತ ಕುದಿಯಿತು!

"ಇದೆಂಥಾ ಗಂಟವಾ? ನಮ್ಮೂರು ನಿಡೋಣಿಯೊಳಗ ನಾವು ಎತ್ತು ಕಟ್ಟೂ ಗಂಟ ನೋಡು. ಜಗ್ಗಿದಷ್ಟೂ ಬಿಗಿ!"

"ಅಪ್ಪಾ, ಇದು ಬಾವ್ಯಾಗ ಬಿದ್ದ ಮನಷ್ಯಾರ್ನ ಮ್ಯಾಲೆ ತಗಿಯೂ ಗಂಟು. ಬಿಗಿ ಆಗಬಾರ್ದು."

"ನಾನೇ ಎತ್ತು ಅಂತ ತಿಳ್ಕೊ. ಕಟ್ಟು!"

ಎರಡೂ ಕೈ ಬೆನ್ನ ಹಿಂದೆ ಸೇರಿಸಿ, ನಾನೇ ಹೇಳಿಕೊಟ್ಟು, ಅವಳ ಹಗ್ಗದಲ್ಲೇ ಬೇವಿನ ಮರಕ್ಕೆ ಕಟ್ಟಿಸಿಕೊಂಡೆ. ಜಗ್ಗಿದೆ. ಭಲೇ! ಮತ್ತೆ ಜಗ್ಗಿದೆ. ಅಲುಗಲಿಲ್ಲ!

"ನೋಡಿದೇನವಾ? ಈಗ ಬಿಚ್ಚು."

ರಾಜಿ ಉಗುರು ಹಚ್ಚಿದಳು. ಹೆಂಡತಿ ಕಸ್ತೂರಿ ಓಡಿಬಂದು ಹಲ್ಲು ಹಚ್ಚಿದಳು. ಗಂಟು ಜಪ್ಪಯ್ಯ ಅನ್ನಲಿಲ್ಲ.

"ಕತ್ರಿ ತರ್ಲೇನ್ರಿ?"

"ಬ್ಯಾಡವ್ವಾ! ಇರೂದು ಒಂದ ಹಗ್ಗ. ಕತ್ತರಿಸಿದ್ರ ಪರೀಕ್ಷಾ ಯಾತರಾಗ ಕೊಡ್ಲಿ?" ರಾಜಿಯ ಕಣ್ಣು ತುಂಬಿತು.

ಮಗಳ ನಾಲ್ಕು ವರ್ಷದ ದುಡಿಮೆ ನನ್ನ ಮುಂಗೈಯಲ್ಲಿ ಸಿಕ್ಕಿಬಿದ್ದಿತ್ತು!

"ನೀರ್ ಹಾಕ್ರಿ, ಸಡ್ಲ ಆಗ್ತೈತಿ!" ಎಂದು ಅಪ್ಪಣೆ ಕೊಡಿಸಿದೆ. ಕಸ್ತೂರಿ ಒಂದು ಬಕೆಟ್ ನೀರನ್ನು ನನ್ನ ನೆತ್ತಿಗೇ ಸುರಿದಳು.

"ತಲಿ ಮ್ಯಾಲೆ ಯಾಕ ಹಾಕ್ದಿ?"

"ಮೊದ್ಲ ಅದು ತಣ್ಣಗಾಗ್ಲಿ ಅಂತ!"

ನಾರಿನ ಹಗ್ಗ ನೀರು ಕುಡಿದು ಇನ್ನಷ್ಟು ಬಿಗಿಯಿತು. ಅಷ್ಟರಲ್ಲಿ ಮೇಡಂ ಬಂದೇಬಿಟ್ಟರು! ಕೈ ಮುಗಿಯೋಣವೆಂದರೆ ಕೈ ಹಿಂದಿವೆ.

"ಇವ್ರು ಯಾರವಾ?"

"ನಮ್ಮ ಅಪ್ಪಾರಿ."

"ಯಾಕ ಕಟ್ಟೀರಿ?"

"ಅವ್ರ ಎತ್ತ ಆಗ್ತೇನಿ ಅಂದ್ರರಿ," ಎಂದಳು ಕಸ್ತೂರಿ.

ನಾಚಿಕೆಗೆ ಮತ್ತೊಮ್ಮೆ ಜಗ್ಗಿದೆ. ರಾಜಿ ಕಣ್ಣೊರೆಸಿಕೊಂಡು ನನ್ನ ಬೆನ್ನು ತಟ್ಟಿದಳು. "ಹೋ... ಹೋ... ಅಪ್ಪಾ, ಜಗ್ಗಬ್ಯಾಡ. ಬೇವಿನ ಗಿಡದ ಕಡೆ ಒಂದ್ ಹೆಜ್ಜಿ ಸರಿ."

ಸರಿದೆ. ಚೀಲ ಹೊಲಿಯುವ ದಬ್ಬಣವನ್ನು ಗಂಟಿನೊಳಗೆ ತೂರಿಸಿ ಮೆಲ್ಲಗೆ ಮೀಟಿದಳು. ಎರಡೇ ನಿಮಿಷ, ಕೈ ಬಿಡುಗಡೆ! ಅದೇ ಒದ್ದೆ ಹಗ್ಗದಲ್ಲಿ ನನ್ನ ಸೊಂಟಕ್ಕೆ ಬೋಲೈನ್ ಹಾಕಿದಳು. ಮೇಡಂ ನನ್ನಿಂದ ಹತ್ತು ಸಲ ಜಗ್ಗಿಸಿದರು. ಆಮೇಲೆ ಮಗಳು ಎರಡು ಬೆರಳಲ್ಲಿ ಬಿಚ್ಚಿದಳು. ಮೇಡಂ ನಕ್ಕು ನಕ್ಕು ಸುಸ್ತಾಗಿ, ಕುಳಿತುಕೊಂಡೇ ಸಹಿ ಹಾಕಿದರು. ನನಗೋ ಕುಣಿಯುವಷ್ಟು ಖುಷಿ!

ಕಸ್ತೂರಿ ಚಹಾ ತಂದಿಟ್ಟು ಕೇಳಿದಳು:

"ಮೇಡಂ, ಗೈಡ್ ಆದಾಕಿ ಪ್ರಾಣಿಗಳಿಗೆ ಗೆಳತಿ ಆಗಿರಬೇಕು ಅಂತ ಒಂದ್ ನಿಯಮ ಐತೆಲ್ಲರಿ? ಅದಕ್ಕೂ ಒಂದ್ ಸಹಿ ಹಾಕಿಬಿಡ್ರಿ. ಸಾಕ್ಷಿ ಇಲ್ಲೇ ನಿಂತೈತಿ!"